ಗಾಡಿ ಹೋಗಲಿ, ಆಮೇಲೆ

ಓಕಳಿಪುರಂನ ನಮ್ಮ ವಠಾರದಲ್ಲಿ ಯಾವ ಕ್ಯಾಲೆಂಡರೂ ನೆಟ್ಟಗೆ ತೂಗುವುದಿಲ್ಲ. ಬೆಳಿಗ್ಗೆ ಸರಿಮಾಡಿದರೆ ಸಂಜೆಗೆ ಒಂದು ಮೂಲೆ ಜಾರಿರುತ್ತದೆ. ತುಮಕೂರಿನ ಹಳಿಯೂ ಚೆನ್ನೈಯ ಹಳಿಯೂ ನಮ್ಮ ಆಸುಪಾಸಿನಲ್ಲೇ ಹಾದುಹೋಗುತ್ತವೆ. ಮೆಜೆಸ್ಟಿಕ್ ಬಿಟ್ಟ ಗಾಡಿ ವೇಗ ಹಿಡಿಯುವ ಮೊದಲೇ ನಮ್ಮನ್ನು ದಾಟುತ್ತದೆ; ಒಳಗೆ ಬರುವ ಗಾಡಿ ಸಿಗ್ನಲ್ಲಿಗೆ ಕಾಯುತ್ತಾ ನಮ್ಮ ಬೆನ್ನ ಹಿಂದೆಯೇ ನಿಂತಿರುತ್ತದೆ. ಹಳಿಗಳ ಮೇಲೆ ಎಂಟು ಪಥದ ಹೊಸ ರಸ್ತೆಯ ಸೇತುವೆ, ಅದರ ಮೇಲೆ ಖೋಡೇಸ್ ಸರ್ಕಲ್ಲಿನ ಕಡೆ ಹೋಗುವ ಬಸ್ಸು ಲಾರಿಗಳ ಸಾಲು. ಇಲ್ಲಿ ಹುಟ್ಟಿದ ಮಕ್ಕಳು ನಡುಗುವ ನೆಲದ ಮೇಲೆಯೇ ಅಂಬೆಗಾಲಿಡುತ್ತವೆ.

ಇಂಥ ನೆಲದ ಮೇಲೆ ಕೂತು ಒಬ್ಬರು ಪ್ರತಿ ಆಗಸ್ಟಿನ ಕೊನೆಯ ಭಾನುವಾರ ಕೂದಲೆಳೆಯ ಲೆಕ್ಕದ ಕೆಲಸ ಮಾಡುತ್ತಾರೆ. ವಠಾರದ ಕೊನೆಯ ಮನೆ ಅವರದು. ಎಲ್ಲರ ಬಾಯಲ್ಲೂ ಅವರು ಮಡಿಕೇರಿ ಮಾವ. ರೈಲ್ವೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಕೊಡಗಿನಲ್ಲಿ ಅವರದು ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿಯ ಮನೆತನ, ಒಂದಿಷ್ಟು ಕಾಫಿ, ಒಂದಿಷ್ಟು ಗದ್ದೆ. ಮಳೆ 3000 ಮಿಲಿಮೀಟರ್ ಮೀರುವ ಆ ಊರಿನಲ್ಲಿ ಮಳೆಗಾಲದ ಮೂರು ತಿಂಗಳು ಕಬ್ಬಿಣದ ಮೇಲೆ ಕಣ್ಣಿಟ್ಟು ಕೂತರೂ ತುಕ್ಕು ಹಿಡಿಯುತ್ತದೆ. ಹಾಗಾಗಿ ಮನೆಯ ರೈಫಲ್ಲು ಜೂನ್ ಹೊತ್ತಿಗೆ ಕಾಗದಪತ್ರದ ಸಮೇತ ಬೆಂಗಳೂರಿಗೆ ಬರುತ್ತದೆ, ಬೀಗ ಹಾಕಿದ ಸ್ಟೀಲ್ ಬೀರುವಿನಲ್ಲಿರುತ್ತದೆ, ಕೊಡವರ ಆಯುಧಪೂಜೆಯ ಹಬ್ಬವಾದ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ಗೆ ಮುಂಚೆ ಊರಿಗೆ ಮರಳುತ್ತದೆ. ತೋಟೆ ಒಂದೂ ಈ ಮನೆಯಲ್ಲಿರುವುದಿಲ್ಲ. ಓಕಳಿಪುರಂನಲ್ಲಿ ಆ ರೈಫಲ್ಲು ಇಂದಿನವರೆಗೆ ಒಂದು ಸದ್ದನ್ನೂ ಮಾಡಿಲ್ಲ. ಇಲ್ಲಿ ನಡೆಯುವುದು ಅದರ ಮೌನದ ಕೆಲಸ. ನೋಡಲಿಕ್ಕೆ ನಾನು ಹದಿನೈದು ವರ್ಷಗಳಿಂದ ಹೋಗಿ ಕೂರುತ್ತಿದ್ದೇನೆ.

ಕಿಟಕಿಯ ಪಕ್ಕ ತೇಗದ ಮೇಜು. ಅಂಚಿಗೆ ಪುಟ್ಟ ವೈಸು, ಅದರ ಎರಡೂ ದವಡೆಗೆ ಹಳೆಯ ಕಂಬಳಿಯ ತುಂಡು ಸುತ್ತಿದೆ. ಒಂದು ಲೋಟದಲ್ಲಿ ನೀರು. ಕುಡಿಯುವ ನೀರಲ್ಲ, ನೀರಿನ ಮೇಲ್ಮೈಯಲ್ಲಿ ಸಣ್ಣ ಉಂಗುರ ಮೂಡಿತೆಂದರೆ ಗಾಡಿ ಬರುತ್ತಿದೆ ಎಂದರ್ಥ. ನಮ್ಮ ಕಿವಿಗೆ ಬೀಳುವ ಮೊದಲೇ ಲೋಟಕ್ಕೆ ತಿಳಿಯುತ್ತದೆ. ಆಗ ಮಾವ ಸ್ಕ್ರೂಡ್ರೈವರ್ ಎತ್ತಿ ಎದೆಗೆ ಆನಿಸಿಕೊಂಡು ಸುಮ್ಮನಾಗುತ್ತಾರೆ.

“ಗಾಡಿ ಹೋಗಲಿ ಮಾರಾಯ, ಆಮೇಲೆ.”

ಗಾಡಿ ಹೋಗುತ್ತದೆ. ಗೋಡೆಯ ಕ್ಯಾಲೆಂಡರು ಇನ್ನೊಂದಿಷ್ಟು ವಾಲುತ್ತದೆ. ನೀರು ತಿಳಿಯಾಗುತ್ತದೆ. ಸ್ಕ್ರೂ ಕಾಲು ಸುತ್ತು ತಿರುಗುತ್ತದೆ.

ಮೇಜಿನ ಮೇಲಿರುವುದು ಬಿಎಸ್‌ಎ ಕಂಪನಿಯ ಹಳೆಯ .22 ಮಾರ್ಟಿನಿ. ನಳಿಗೆಯ ಬುಡದ ಉಕ್ಕಿನ ಪೆಟ್ಟಿಗೆಯ ಮೇಲೆ ಮೂರು ಬಂದೂಕುಗಳನ್ನು ಗೂಡಿನಂತೆ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಗುರುತಿದೆ. ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ಸೈಕಲ್ಲು. ಬೆಂಗಳೂರಿನ ನಮ್ಮ ಓರಗೆಯವರು ಎಷ್ಟು ಜನ ಬಿಎಸ್‌ಎ ಎಸ್‌ಎಲ್‌ಆರ್ ಸೈಕಲ್ಲಿನಲ್ಲಿ ಮಂಡಿ ತರಚಿಕೊಂಡಿಲ್ಲ! ಆ ಹೆಸರಿನ ಮೊದಲ ಕಸುಬು ಕೋವಿಯೇ. ಬರ್ಮಿಂಗ್‌ಹ್ಯಾಮಿನ ಸಣ್ಣ ಆಯುಧಗಳ ಕಂಪನಿ 1861ರಲ್ಲಿ ಹುಟ್ಟಿತು. ಸೈಕಲ್ಲು, ಮೋಟಾರ್ ಸೈಕಲ್ಲು ಆಮೇಲೆ ಬಂದವು. ಕೊಡಗಿನವರಿಗೂ 1861 ಮರೆಯುವ ವರ್ಷವಲ್ಲ. ಬ್ರಿಟಿಷರು ದೇಶದ ಉದ್ದಗಲ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುತ್ತಿದ್ದ ಕಾಲ. ಆ ವರ್ಷ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆ ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಹೊರಗಿಟ್ಟರು. ನಮ್ಮ ಕಬ್ಬನ್ ಪಾರ್ಕಿನ ಅದೇ ಕಬ್ಬನ್. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇಂದಿಗೂ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಪ್ರಶ್ನಿಸಿದ ಅರ್ಜಿ ಬಂದಾಗ ಕರ್ನಾಟಕ ಹೈಕೋರ್ಟು 2021ರಲ್ಲಿ ಆ ವಿನಾಯಿತಿಯನ್ನು ಎತ್ತಿಹಿಡಿಯಿತು.

ಮಾರ್ಟಿನಿಯ ಸೊಗಸು ಅದರ ಬಡತನದಲ್ಲಿದೆ. ಒಂದು ಸಲಕ್ಕೆ ಒಂದೇ ತೋಟೆ. ಮ್ಯಾಗಜಿನ್ ಇಲ್ಲ, ಎಳೆದು ತಳ್ಳುವ ಬೋಲ್ಟ್ ಇಲ್ಲ. ಟ್ರಿಗರಿನ ಹಿಂದೆ ಕೆಳಗೆ ಇಳಿಬಿಟ್ಟ ಸನ್ನೆಯನ್ನು ಮುಂದಕ್ಕೆ ಒತ್ತಿದರೆ ಒಳಗಿನ ಉಕ್ಕಿನ ತುಂಡು ನಾಲಿಗೆ ಚಾಚಿದಂತೆ ಕೆಳಗೆ ವಾಲುತ್ತದೆ. ಅದರ ಬೆನ್ನ ಮೇಲೊಂದು ತಗ್ಗು. ತಗ್ಗಿನಲ್ಲಿ ತೋಟೆ ಇಟ್ಟು ಹೆಬ್ಬೆರಳಿನಿಂದ ನೂಕಿ ಸನ್ನೆ ಎಳೆದರೆ ಬಾಯಿ ಮುಚ್ಚಿತು. ಸ್ವಿಟ್ಜರ್‌ಲೆಂಡಿನ ಮಾರ್ಟಿನಿ ತಿದ್ದಿದ ಈ ವಿಧಾನವನ್ನು ಬ್ರಿಟಿಷ್ ಸೈನ್ಯ 1871ರಲ್ಲಿ ದೊಡ್ಡ ಬಂದೂಕಿಗಾಗಿ ಒಪ್ಪಿಕೊಂಡಿತು, ಸಣ್ಣ .22ಕ್ಕೆ ಅದೇ ಯಂತ್ರ ಕುಗ್ಗಿ ಬಂತು. ತಪ್ಪಿದರೆ ಎರಡನೆಯದು ತಾನಾಗಿ ಬರುವುದಿಲ್ಲ. ಅದಕ್ಕೇ ಒಂದೇ ತೋಟೆಯ ಕೋವಿ ಹಿಡಿದವನು ಹೊಡೆಯುವ ಮೊದಲು ಯೋಚಿಸುತ್ತಾನೆ ಎಂದು ಮಾವನ ನಂಬಿಕೆ. ನನಗೂ ಅದು ನಿಜವೆನಿಸುತ್ತದೆ.

ಬೇರೆ ರೈಫಲ್ಲುಗಳಲ್ಲಿ ಬೋಲ್ಟ್ ತೆಗೆದು ಹಿಂದಿನಿಂದ ಇಣುಕಿದರೆ ನಳಿಗೆಯ ಒಳಗು ಕಾಣುತ್ತದೆ. ಮಾರ್ಟಿನಿಯ ಹಿಂಭಾಗ ಗೋಡೆಯಂತೆ ಮುಚ್ಚಿದೆ. ಮಾವ ಇದಕ್ಕೆಂದೇ ಹೆಬ್ಬೆರಳಿನಗಲದ ಕನ್ನಡಿಯ ಚೂರೊಂದನ್ನು ತಗಡಿನ ಹಿಡಿಗೆ ಅಂಟಿಸಿಟ್ಟುಕೊಂಡಿದ್ದಾರೆ. ಸನ್ನೆ ಇಳಿಸಿ, ತೆರೆದ ಬಾಯಿಗೆ ಕನ್ನಡಿಯನ್ನು ಓರೆಯಾಗಿ ಹಿಡಿದು, ಮೂತಿಯನ್ನು ಕಿಟಕಿಯ ಬಿಳಿ ಪರದೆಯ ಕಡೆ ತಿರುಗಿಸುತ್ತಾರೆ. “ಬಾ, ನೋಡು” ಎನ್ನುತ್ತಾರೆ. ಕನ್ನಡಿಯಲ್ಲಿ ಒಂದು ಪುಟ್ಟ ಹುಣ್ಣಿಮೆ. ಅದರ ಅಂಚಿನಿಂದ ಸುರುಳಿ ಸುರುಳಿಯಾಗಿ ಒಳಗೆ ಇಳಿಯುವ ಗೆರೆಗಳು, ಬಾವಿಗೆ ಇಳಿದ ಮೆಟ್ಟಿಲಿನ ಹಾಗೆ. ಈ ಸುರುಳಿ 16 ಅಂಗುಲಕ್ಕೆ ಒಂದು ಸುತ್ತು ಬರುತ್ತದೆ. ಸೆಕೆಂಡಿಗೆ 330 ಮೀಟರಿನ ಆಸುಪಾಸಿನಲ್ಲಿ ಹೊರಡುವ ಎರಡೂವರೆ ಗ್ರಾಮಿನ ಸೀಸ ಆ ಸುರುಳಿ ಹಿಡಿದು ಸೆಕೆಂಡಿಗೆ 800 ಸುತ್ತು ತಿರುಗುತ್ತದೆ. ಬುಗುರಿ ತಿರುಗುವಷ್ಟು ಹೊತ್ತು ನಿಂತಿರುವಂತೆ, ಗುಂಡು ತಿರುಗುವಷ್ಟು ಹೊತ್ತು ಮೂಗು ಮುಂದಾಗಿ ಹೋಗುತ್ತದೆ.

ಚೊಕ್ಕ ಮಾಡುವ ಕೆಲಸ ಬೇಗ ಮುಗಿಯುತ್ತದೆ. ಸರಳಿಗೆ ಚಿಂದಿ ಸುತ್ತಿ, ಎಣ್ಣೆ ಹಚ್ಚಿ, ಮೂತಿಗೆ ತಾಗದ ಹಾಗೆ ಎರಡು ಮೂರು ಸಲ. ಅತಿಯಾಗಿ ಉಜ್ಜಿದವನೇ .22ರ ನಳಿಗೆಯನ್ನು ಕೆಡಿಸುವುದು. ಸೀಸದ ಗುಂಡು ಅಷ್ಟು ಸವೆಸುವುದಿಲ್ಲ, ಸರಳು ಸವೆಸುತ್ತದೆ. ಆಮೇಲೆ ಹತ್ತಿಯ ಉಂಡೆಯನ್ನು ನಳಿಗೆಯ ಮೂತಿಯ ಅಂಚಿನ ಮೇಲೆ ಸುತ್ತಲೂ ಮೆಲ್ಲಗೆ ಆಡಿಸುತ್ತಾರೆ. ಎಲ್ಲಾದರೂ ಒಂದು ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳೆದ್ದಿದೆ ಎಂದು ಲೆಕ್ಕ. ಗುಂಡು ನಳಿಗೆಯಿಂದ ಬಿಡುಗಡೆಯಾಗುವ ಕೊನೆಯ ಗಳಿಗೆಯಲ್ಲಿ ಮುಟ್ಟುವುದು ಆ ಅಂಚನ್ನು. ಅಲ್ಲಿ ಒಂದು ಗೀರಿದ್ದರೆ ಬೆನ್ನಿಂದ ನುಗ್ಗುವ ಗಾಳಿ ಒಂದು ಕಡೆಯಿಂದ ಮೊದಲು ಸೋರಿ ಗುಂಡಿನ ಬಾಲವನ್ನು ತಳ್ಳುತ್ತದೆ. ಕೋವಿಯನ್ನು ಮೂತಿ ಕೆಳಗೆ ಮಾಡಿ ಕಲ್ಲು ನೆಲದ ಮೇಲೆ ಕುಕ್ಕಿ ನಿಲ್ಲಿಸುವವರನ್ನು ಕಂಡರೆ ಮಾವನಿಗೆ ಆಗದು.

ಹೆಚ್ಚು ಹೊತ್ತು ಹಿಡಿಯುವುದು ಮರ. ಈ ರೈಫಲ್ಲಿನ ಮರ ಎರಡು ತುಂಡು: ಹೆಗಲಿಗೆ ಆನಿಸುವುದು ಒಂದು, ನಳಿಗೆಯ ಕೆಳಗೆ ಎಡಗೈಗೆ ಸಿಗುವುದು ಇನ್ನೊಂದು. ಮುಂದಿನ ತುಂಡು ಒಂದು ಸ್ಕ್ರೂವಿನಿಂದ ನಳಿಗೆಗೇ ಬಿಗಿದಿದೆ. ಕೊಡಗಿನ ತೇವಕ್ಕೆ ಮರ ಉಬ್ಬುತ್ತದೆ, ಓಕಳಿಪುರಂನ ಒಣಹವೆಗೆ ಕುಗ್ಗುತ್ತದೆ. ಉಬ್ಬಿದ ಮರ ನಳಿಗೆಯನ್ನು ಒಂದು ಪಕ್ಕದಿಂದ ಒತ್ತಿದರೆ ಗುಂಡು ಇನ್ನೊಂದು ಪಕ್ಕಕ್ಕೆ ಹೋಗುತ್ತದೆ. ಮಾವ ಬಸ್ ಟಿಕೆಟ್ಟಿನಷ್ಟು ಅಗಲದ ಕಾಗದವನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಬುಡದ ಕಡೆಗೆ ಎಳೆಯುತ್ತಾ ಹೋಗುತ್ತಾರೆ. ಕಾಗದ ಎಲ್ಲಿ ತಡೆಯಿತೋ ಅಲ್ಲಿ ಸೀಸದಕಡ್ಡಿಯಿಂದ ಗುರುತು. ಗುರುತು ಹಾಕಿದಲ್ಲಿ ಮರಳುಕಾಗದದಿಂದ ಹತ್ತು ಸಲ ಉಜ್ಜಿ ಮತ್ತೆ ಕಾಗದ ತೂರಿಸುವುದು. ರೈಲ್ವೆ ದಿನಗಳ ಫೀಲರ್ ಗೇಜು ಪಕ್ಕದಲ್ಲೇ ಇದೆ. ಆದರೂ ಅವರು ಕಾಗದವನ್ನೇ ನಂಬುತ್ತಾರೆ; ಕಾಗದ ಬೆರಳಿಗೆ ಮಾತಾಡುತ್ತದಂತೆ.

ಆ ಸ್ಕ್ರೂವಿನ ಬಿಗಿಯೊಳಗೆ ಇಡೀ ಕೋವಿಯ ಗುಟ್ಟಿದೆ. ತೋಟೆ ಸಿಡಿದಾಗ ನಳಿಗೆ ಸುಮ್ಮನಿರುವುದಿಲ್ಲ, ಮೀಟಿದ ತಂತಿಯಂತೆ ಕಂಪಿಸುತ್ತದೆ. ಗುಂಡು ಹೊರಬೀಳುವ ಕ್ಷಣಕ್ಕೆ ಮೂತಿ ಮೇಲಿತ್ತೋ ಕೆಳಗಿತ್ತೋ ಎಂಬುದರ ಮೇಲೆ ಅದು ತಲುಪುವ ಜಾಗ ನಿಲ್ಲುತ್ತದೆ. ಪ್ರತಿ ಸಲವೂ ಒಂದೇ ಹಂತದಲ್ಲಿ ಹೊರಬಿದ್ದರೆ ಗುಂಡುಗಳು ಒಂದೆಡೆ ಸೇರುತ್ತವೆ. ವಿದೇಶದ ಪಂದ್ಯದ ರೈಫಲ್ಲುಗಳಲ್ಲಿ ಇದಕ್ಕಾಗಿ ಮೂತಿಗೆ ಒಂದು ತೂಕದ ಉಂಗುರ ಹಾಕಿ, ಕೂದಲಷ್ಟು ಹಿಂದೆ ಮುಂದೆ ಸರಿಸಿ ಹೊಂದಿಸುತ್ತಾರೆ. ನಮ್ಮವರಿಗೆ ಇದನ್ನು ವಿವರಿಸಲು ತಂಬೂರಿಯೇ ಸಾಕು. ಕುದುರೆಯ ಮೇಲೆ ತಂತಿಯ ಅಡಿಗೆ ಸೇರಿಸಿದ ಜೀವಾಳಿಯ ದಾರವನ್ನು ಒಂದು ನೂಲು ಆಚೆ ಸರಿಸಿದರೆ ತಂತಿ ಸತ್ತಂತೆ ನುಡಿಯುತ್ತದೆ, ಒಂದು ನೂಲು ಈಚೆ ತಂದರೆ ಝೇಂಕರಿಸುತ್ತದೆ. ಮಲ್ಲೇಶ್ವರದ ಸಂಗೀತದ ಮನೆಗಳಲ್ಲಿ ಹಾಡು ಶುರುವಾಗುವ ಮೊದಲು ಆ ದಾರದ ಮೇಲೆ ಎಷ್ಟು ತಾಳ್ಮೆ ಸುರಿಯುತ್ತಾರೆ! ಮಾವ ಮುಂದಿನ ಸ್ಕ್ರೂವಿನ ಮೇಲೆ ಸುರಿಯುವುದೂ ಅದನ್ನೇ. ಬಿಗಿಯಾದ ಜಾಗದಲ್ಲಿ ಸ್ಕ್ರೂವಿನ ತಲೆಯ ಸೀಳಿಗೆ ಎದುರಾಗಿ ಉಕ್ಕಿನ ಮೇಲೆ ಬಣ್ಣದ ಚುಕ್ಕೆ ಇಡುತ್ತಾರೆ. ಮುಂದಿನ ವರ್ಷ ಚುಕ್ಕೆಗೂ ಸೀಳಿಗೂ ನೇರ ತಪ್ಪಿದ್ದರೆ ಏನೋ ಸಡಿಲಾಗಿದೆ ಎಂದು ಗೊತ್ತಾಗಬೇಕಲ್ಲ.

ಹಿಂಬದಿಯ ಸೈಟು ಒಂದು ತೂತಿನ ಬಿಲ್ಲೆ, ಕಣ್ಣಿನ ಹತ್ತಿರ. ಮುಂದಿನದು ನಳಿಗೆಯ ತುದಿಯಲ್ಲಿ ಒಂದು ಉಂಗುರ. ಎರಡರ ನಡುವೆ ಸುಮಾರು 75 ಸೆಂಟಿಮೀಟರ್. ಕಣ್ಣಿನ ಬಳಿಯ ಬಿಲ್ಲೆ ಒಂದು ಮಿಲಿಮೀಟರ್ ಸರಿದರೆ 50 ಮೀಟರ್ ಆಚೆ ಗುಂಡು ಆರೂವರೆ ಸೆಂಟಿಮೀಟರ್ ಸರಿಯುತ್ತದೆ. ಕೈಲ್‌ಪೊಳ್ದ್‌ನ ಪಂದ್ಯದಲ್ಲಿ ಗುರಿ ತೆಂಗಿನಕಾಯಿ; ಸುಲಿದ ಕಾಯಿಯ ನಡುವಿನಿಂದ ಅಂಚಿಗೆ ಅಷ್ಟು ದೂರವಿಲ್ಲ. ಒಂದು ಮಿಲಿಮೀಟರಿಗೆ ಕಾಯಿ ತಪ್ಪಿತು.

ಒಮ್ಮೆ ಹಾಗಾಗಿತ್ತು. ಚುನಾವಣೆ ಬಂದಾಗ ಮಲೆನಾಡಿನಲ್ಲೂ ಕೊಡಗಿನಲ್ಲೂ ಕೋವಿ ಠಾಣೆಗೆ ಒಪ್ಪಿಸಿ ಬರಬೇಕಾಗುವುದು ರೈತರ ಹಳೆಯ ಸಂಕಟ. ಒಂದು ಕೋಣೆಯಲ್ಲಿ ಹತ್ತಾರು ಕೋವಿಗಳು ಸೌದೆಯಂತೆ ಒಂದರ ಪಕ್ಕ ಒಂದು. ಆ ವರ್ಷ ಮರಳಿ ಬಂದ ಮಾರ್ಟಿನಿಯ ಬಿಲ್ಲೆ ನೋಡಲು ಮೊದಲಿನಂತೆಯೇ ಇತ್ತು. ಬಿಲ್ಲೆಯ ಸ್ಕ್ರೂವಿಗೆ ಇಟ್ಟಿದ್ದ ಬಣ್ಣದ ಚುಕ್ಕೆಯ ನೇರ ಮಾತ್ರ ತಪ್ಪಿತ್ತು. ಚುಕ್ಕೆ ಇಟ್ಟಿರದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಇಂಥ ಹೊತ್ತಿನಲ್ಲೆಲ್ಲ ನನಗೆ ಬೀಜಿಂಗ್ ನೆನಪಾಗುತ್ತದೆ. 2008ರ ಆಗಸ್ಟ್ 11ರಂದು ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ಲಿನ ಫೈನಲ್ಲಿಗೆ ಮುನ್ನ ಪರೀಕ್ಷೆಗೆಂದು ಹೊಡೆದ ಗುಂಡು ಹತ್ತರ ಆಸುಪಾಸಿನಲ್ಲಿ ಬೀಳದೆ ನಾಲ್ಕಕ್ಕೆ ಬಿದ್ದಿತು. ಸೈಟು ಕದಲಿತ್ತೆಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಉಳಿದಿದ್ದ ಕೆಲವೇ ನಿಮಿಷದಲ್ಲಿ ಅದನ್ನು ಮತ್ತೆ ಹೊಂದಿಸಿ ಫೈನಲ್ಲಿಗೆ ಇಳಿದರು. ಕೊನೆಯ ಗುಂಡು 10.8, ಒಟ್ಟು 700.5, ಭಾರತಕ್ಕೆ ಒಲಿಂಪಿಕ್ಸಿನಲ್ಲಿ ಮೊದಲ ವೈಯಕ್ತಿಕ ಚಿನ್ನ. ನಾವು ಪದಕ ನೆನಪಿಡುತ್ತೇವೆ. ನನಗೆ ಆ ಕೆಲವು ನಿಮಿಷಗಳೇ ದೊಡ್ಡವು.

ನಮ್ಮ ವಠಾರಕ್ಕೆ ಹತ್ತಿರದ ಪದಕ ಇನ್ನೊಂದಿದೆ. 2024ರ ಆಗಸ್ಟ್ 1ರಂದು ಪ್ಯಾರಿಸ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಕಂಚು ಗೆದ್ದ ಸ್ವಪ್ನಿಲ್ ಕುಸಾಲೆ ಆಗ ಸೆಂಟ್ರಲ್ ರೈಲ್ವೆಯ ಟಿಕೆಟ್ ತಪಾಸಕರಾಗಿದ್ದರು. ಮಾವನ ಹಳೆಯ ಟೀವಿಯ ಮುಂದೆ ಅಂದು ರೈಲ್ವೆ ಪಿಂಚಣಿದಾರರದೇ ಗುಂಪು. 451.4 ಎಂದು ಪರದೆಯ ಮೇಲೆ ಮೂಡಿದಾಗ ಮಾವ ಮೊದಲು ಹೇಳಿದ್ದು, “ನಮ್ಮ ಇಲಾಖೆ.” ಕುಸಾಲೆಯವರ ರೈಫಲ್ಲೂ .22, ದೂರ ಅದೇ 50 ಮೀಟರ್. ಅಲ್ಲಿನ ಗುರಿಹಲಗೆಯಲ್ಲಿ ಹತ್ತರ ವೃತ್ತ 10.4 ಮಿಲಿಮೀಟರ್, ಬೆರಳಿನ ಉಗುರಿನಷ್ಟು.

ಈ ವರ್ಷ ಆಗಸ್ಟ್ ಕಳೆಯುತ್ತಲೇ ನಾವು ಊರಿಗೆ ಹೊರಟೆವು. ಮೈಸೂರು, ಹುಣಸೂರು ದಾಟಿ ಘಟ್ಟ ಏರುವಾಗ ಮಂಜು ಗಾಜಿಗೆ ಮುತ್ತುತ್ತದೆ. ಗಾಡಿಯ ಸದ್ದಿಲ್ಲದ ಆ ಮನೆಯಲ್ಲಿ ಮೊದಲ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ತೋಟದ ಅಂಚಿನಲ್ಲಿ ಆಳೆತ್ತರಕ್ಕೂ ಮಿಗಿಲಾದ ಮಣ್ಣಿನ ಬರೆ. ಅದರ ಹಿಂದೆ ಗುಡ್ಡ, ಗುಡ್ಡದಲ್ಲಿ ಮನೆಯಿಲ್ಲ, ದಾರಿಯಿಲ್ಲ. ಬರೆಯ ಮುಂದೆ ಹಲಗೆ, ಹಲಗೆಯ ಮೇಲೆ ಬಿಳಿ ಕಾಗದ, ಕಾಗದದ ನಡುವೆ ಕಪ್ಪು ಬೊಟ್ಟು. ಮೊದಲು 10 ಮೀಟರ್. ಅಷ್ಟು ಹತ್ತಿರದಿಂದ ಕಾಗದವನ್ನೇ ತಪ್ಪಿಸುವುದು ಕಷ್ಟ; ಸೈಟು ಎಷ್ಟೇ ಕೆಟ್ಟಿದ್ದರೂ ಗುಂಡು ಎಲ್ಲಿ ಹೋಯಿತೆಂದು ತಿಳಿಯುತ್ತದೆ. ಆಮೇಲೆ 25, ಕೊನೆಗೆ 50. ನೇರ 50ರಿಂದ ಶುರುಮಾಡಿದವನು ಕಾಗದದ ಹೊರಗೆ ಬಿದ್ದ ಗುಂಡನ್ನು ಬರೆಯ ತುಂಬ ಹುಡುಕುತ್ತಿರುತ್ತಾನೆ.

ಮೇಜಿನ ಮೇಲೆ ಎರಡು ಮರಳಿನ ಚೀಲ. ರೈಫಲ್ಲು ಚೀಲದ ಮೇಲೆ ಎಳೆಮಗು ಮಲಗಿದಂತೆ. ಮಾವ ಉಸಿರು ಎಳೆದು, ಅರ್ಧ ಬಿಟ್ಟು, ನಿಲ್ಲಿಸುತ್ತಾರೆ. ಚಟ್ಟೆಂದು ಒಣಕಡ್ಡಿ ಮುರಿದಷ್ಟು ಸದ್ದು. ಸನ್ನೆ ಇಳಿಯುತ್ತದೆ, ಖಾಲಿ ಕೊಳವೆ ಮಿನುಗುತ್ತಾ ಹೊರಗೆ ಹಾರುತ್ತದೆ, ಮತ್ತೊಂದು ತೋಟೆ ಹೆಬ್ಬೆರಳಿನಡಿ. ಐದು ಗುಂಡು ಹೊಡೆಯುವವರೆಗೆ ಅವರು ಕಾಗದದ ಕಡೆ ನೋಡುವುದಿಲ್ಲ. ನನಗೆ ನೋಡುವ ತವಕ. ಮೊದಲ ಗುಂಡು ಎಡಕ್ಕೆ ಬಿದ್ದದ್ದು ಕಂಡು “ಮಾವ, ಸ್ವಲ್ಪ ಬಲಕ್ಕೆ ತಿರುಗಿಸಿ” ಎಂದೆ.

“ಒಂದು ಗುಂಡಿನ ಮಾತು ಕೇಳಬೇಡ. ಐದೂ ಹೇಳಲಿ.”

ಕಾಲೇಜಿನ ಎನ್‌ಸಿಸಿಯಲ್ಲೂ ಇದೇ ಪಾಠ ಆಗಿತ್ತು. ನಮ್ಮಂಥ ಎಷ್ಟೋ ಜನ ಬದುಕಿನಲ್ಲಿ ಒಮ್ಮೆ ಕೋವಿ ಮುಟ್ಟಿದ್ದು ಅಲ್ಲಿಯೇ: ಆ ಭಾರದ .22, ಒದ್ದೆ ಹುಲ್ಲಿನ ಮೇಲೆ ಹಾಸಿದ ಗ್ರೌಂಡ್‌ಶೀಟು, 25 ಗಜದಾಚೆ ಗುರಿ, ಪ್ರತಿಯೊಬ್ಬರಿಗೂ ಐದು ರೌಂಡು. ನನ್ನ ಐದೂ ಗುಂಡು ಬೊಟ್ಟು ಬಿಟ್ಟು ಕೆಳಗೆ ಎಡಮೂಲೆಯಲ್ಲಿ ಸೇರಿದ್ದವು. ನಾಚಿ ನಿಂತಿದ್ದೆ. ಹವಾಲ್ದಾರರು ಕಾಗದದ ಮೇಲೆ ಅಂಗೈ ಇಟ್ಟು, ಐದೂ ಅಂಗೈಯಡಿ ಮುಚ್ಚಿದ್ದನ್ನು ಎಲ್ಲರಿಗೂ ತೋರಿಸಿ ಶಹಬ್ಬಾಸ್ ಅಂದರು. ಗುಂಪು ಕಟ್ಟುವುದು ಹೊಡೆಯುವವನ ಕೆಲಸ, ಗುಂಪನ್ನು ನಡುವಿಗೆ ತರುವುದು ಸೈಟಿನ ಕೆಲಸ. ಚದುರಿ ಬಿದ್ದ ಗುಂಡುಗಳನ್ನು ಯಾವ ಸೈಟೂ ಒಂದುಗೂಡಿಸಲಾರದು.

ಚದುರುವುದಕ್ಕೆ ತೋಟೆಯೂ ಕಾರಣವಾಗುತ್ತದೆ. ಅಂದು ಮೂರು ಬೇರೆ ಬೇರೆ ಕಂಪನಿಯ ಡಬ್ಬಿಗಳಿದ್ದವು. ಒಂದೊಂದರಿಂದ ಐದೈದು. ನಡುವೆ ಬೇರೆ ಏನನ್ನೂ ಮುಟ್ಟುವಂತಿಲ್ಲ: ಅದೇ ಚೀಲ, ಅದೇ ಹಿಡಿತ, ಅದೇ ಸ್ಕ್ರೂ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡು ಬದಲಿಸಿದರೆ ಯಾವುದರಿಂದ ಏನಾಯಿತೆಂದು ಆ ದೇವರಿಗೂ ತಿಳಿಯದು. ಮೊದಲ ಡಬ್ಬಿಯ ಐದು ರಂಧ್ರ ನಿಂಬೆಹಣ್ಣಿನಗಲ ಹರಡಿದವು. ಎರಡನೆಯದು, ಎಲ್ಲಕ್ಕಿಂತ ದುಬಾರಿಯದು, ಸುಮಾರು ಅಷ್ಟೇ. ಮೂರನೆಯದರ ಐದನ್ನೂ ಎರಡು ರೂಪಾಯಿಯ ನಾಣ್ಯ ಮುಚ್ಚಿತು. ಇನ್ನೊಂದು ರೈಫಲ್ಲಿನಲ್ಲಿ ಇದೇ ಫಲ ಬರುತ್ತದೆಂದಿಲ್ಲ. ನಳಿಗೆ ನಳಿಗೆಗೂ ರುಚಿ ಬೇರೆ. ದುಬಾರಿ ತೋಟೆಯ ಡಬ್ಬಿ ನೆಂಟರೊಬ್ಬರ ಪಾಲಾಯಿತು.

ನಾಣ್ಯದಡಿಯ ಗುಂಪು ಬೊಟ್ಟಿನಿಂದ ನಾಲ್ಕು ಸೆಂಟಿಮೀಟರ್ ಎಡಕ್ಕೆ, ಎರಡು ಸೆಂಟಿಮೀಟರ್ ಕೆಳಕ್ಕೆ ಇತ್ತು. ಹಿಂಬದಿಯ ಬಿಲ್ಲೆಯ ಗುಂಡಿ ತಿರುಗಿಸಿದರೆ ಕಟ್ ಕಟ್ ಎನ್ನುತ್ತದೆ. ಒಂದು ಕಟ್ಟಿಗೆ 50 ಮೀಟರಿನಲ್ಲಿ ಮೂರೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು. ಗುಂಡು ಯಾವ ಕಡೆ ಹೋಗಬೇಕೋ ಬಿಲ್ಲೆಯೂ ಆ ಕಡೆಗೇ. ಬಲಕ್ಕೆ ಹನ್ನೊಂದು, ಮೇಲಕ್ಕೆ ಆರು. ನಾನು ಎಣಿಸಿದೆ, ಮಾವ ತಿರುಗಿಸಿದರು. ಮತ್ತೆ ಐದು ಗುಂಡು. ಬೊಟ್ಟು ನಡುವಿನಿಂದ ಹರಿದುಹೋಯಿತು.

ಕಣ್ಣಿಗೆ ಗುಂಡು ನೇರ ಹೋದಂತೆ ತೋರುತ್ತದೆ. ಅದು ಹೋಗುವುದು ಕಲ್ಲೆಸೆದ ಹಾಗೆಯೇ. ನಳಿಗೆ ಬಿಟ್ಟ ಕ್ಷಣದಿಂದ ಬೀಳಲು ಶುರು. 25 ಮೀಟರಿಗೆ ಮೂರು ಸೆಂಟಿಮೀಟರ್, 50ಕ್ಕೆ ಹನ್ನೆರಡು. ಆ ಬೀಳುವಿಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದು ನಳಿಗೆಯನ್ನು ಕಣ್ಣಿಗೆ ಕಾಣದಷ್ಟು ಮೇಲಕ್ಕೆ ಎತ್ತಿಡುವುದೇ ಸೈಟು ಹೊಂದಿಸುವುದರ ತಿರುಳು. 50ಕ್ಕೆ ಹೊಂದಿಸಿದ ಕೋವಿಯಿಂದ 100 ಮೀಟರಿನಲ್ಲಿ ಅದೇ ಗುರಿ ಹಿಡಿದರೆ ಗುಂಡು ಒಂದು ಗೇಣು ಕೆಳಗೆ ಬೀಳುತ್ತದೆ. ಅಡ್ಡಗಾಳಿ ಬೀಸಿದರೆ 50ರಲ್ಲೇ ಒಂದು ಅಂಗುಲದಷ್ಟು ಪಕ್ಕಕ್ಕೆ. ದೂರ ತಿಳಿಯದೆ, ಗಾಳಿ ನೋಡದೆ ಟ್ರಿಗರ್ ಒತ್ತಿದವನ ಗುಂಡು ಎಲ್ಲೋ ಒಂದು ಕಡೆ ಹೋಗಿಯೇ ಹೋಗುತ್ತದೆ.

ಆ ‘ಎಲ್ಲೋ ಒಂದು ಕಡೆ’ಯ ಕತೆಯನ್ನು ಮಾವ ಪ್ರತಿ ವರ್ಷ ಹೇಳುವುದಿಲ್ಲ. ಈ ಸಲ ಹೇಳಿದರು. ಅವರು ಹುಡುಗನಾಗಿದ್ದಾಗ, ಬೇಟೆಗೆ ಇನ್ನೂ ಅಡ್ಡಿಯಿಲ್ಲದ ಕಾಲ. ಭತ್ತದ ಗದ್ದೆಗೆ ನುಗ್ಗಿದ ಹಂದಿಗೆ ಅವರ ದೊಡ್ಡಪ್ಪ ಹಳೆಯ ತೋಟೆ ಕೋವಿಯಿಂದ ಈಡು ಹೊಡೆದರು. ಆ ಕೋವಿ ಎಡಕ್ಕೆ ಎಳೆಯುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಸರಿಪಡಿಸಿರಲಿಲ್ಲ. ಹಂದಿ ಬೀಳಲಿಲ್ಲ. ಹಿಂಗಾಲು ಎಳೆಯುತ್ತಾ ಕಾಡಿಗೆ ಹೋಯಿತು. ಮೂರು ರಾತ್ರಿ ಅದರ ಕೂಗು ಮನೆಯವರೆಗೆ ಕೇಳುತ್ತಿತ್ತಂತೆ. ನಾಲ್ಕನೆಯ ದಿನ ಕೇಳಲಿಲ್ಲ. ದೊಡ್ಡಪ್ಪ ಆಮೇಲೆ ಕೋವಿ ಎತ್ತಲಿಲ್ಲ.

ಆ ಕಾಲ ಈಗಿಲ್ಲ. 1972ರ ವನ್ಯಜೀವಿ ಕಾಯ್ದೆ ಬೇಟೆಗೆ ಬಾಗಿಲು ಹಾಕಿತು. ಪಿಡುಗಿನ ಪ್ರಾಣಿಗಳೆಂದು ಕಾಗೆ, ಇಲಿ, ಹಣ್ಣು ತಿನ್ನುವ ಬಾವಲಿಗಳನ್ನು ಹೆಸರಿಸಿದ್ದ ಅದರ ಐದನೆಯ ಪಟ್ಟಿಯನ್ನೂ 2022ರ ತಿದ್ದುಪಡಿ ತೆಗೆದುಹಾಕಿತು. ಇಂದು ಗದ್ದೆ ಕಾಯುವವನ ಕೋವಿ ಬಹುಪಾಲು ಆಕಾಶಕ್ಕೆ ಸದ್ದು ಮಾಡಿ ಬೆದರಿಸುವುದಕ್ಕೆ. ಹಂದಿ, ಮಂಗಗಳಿಂದ ಬೆಳೆ ಕಳೆದುಕೊಂಡವರ ನೋವು ಸುಳ್ಳಲ್ಲ. ಅದಕ್ಕೆ ಸರಿಯಾದ ಪರಿಹಾರ ಸಿಗಲೇಬೇಕು. ಆದರೆ ಕೋವಿ ಇಟ್ಟುಕೊಂಡವನು ಅದರ ಗುಂಡು ಎಲ್ಲಿ ಬೀಳುತ್ತದೆಂದು ತಿಳಿಯದೆ ಇಟ್ಟುಕೊಳ್ಳುವುದು ತಪ್ಪು. ಅದನ್ನು ನಾನು ಮೃದುವಾಗಿ ಹೇಳಲಾರೆ. ತಿಳಿಯಲು ಬೇಕಿರುವುದು ಒಂದು ಬೆಳಗು, ಸುರಕ್ಷಿತವಾದ ಒಂದು ಬರೆ, ಇಪ್ಪತ್ತು ಮೂವತ್ತು ತೋಟೆ.

ಸೆಪ್ಟೆಂಬರ್ 3. ನಾಟಿ ಮುಗಿದ ಗದ್ದೆಗಳು ಕಣ್ಣು ತಂಪಾಗುವಂತೆ ಹಸಿರಾಗಿದ್ದವು. ಕಕ್ಕಡ ಮಾಸದ ದುಡಿಮೆ ಮುಗಿದು ಆಯುಧಗಳು ಪೂಜೆಗೆ ಬರುವ ದಿನ. ದೇವರ ಕೋಣೆಯಲ್ಲಿ ಮಾರ್ಟಿನಿ, ಎರಡು ನಳಿಗೆಯ 12 ಬೋರಿನ ಕೋವಿ, ಒಡಿಕತ್ತಿ, ಪೀಚೆಕತ್ತಿ ಸಾಲಾಗಿ. ಎಲ್ಲಕ್ಕೂ ಗಂಧದ ಬೊಟ್ಟು. ನಳಿಗೆಯ ಮೂತಿಗೆ ತೋಕ್‌ಪೂ: ಬೆಂಕಿಯ ನಾಲಿಗೆಯಂಥ ಕೆಂಪು ಹಳದಿ ಎಸಳಿನ ಅದೇ ಗೌರಿ ಹೂವು, ಕೊಡಗಿನಲ್ಲಿ ಕೋವಿಯ ಹೂವೆಂದೇ ಅದಕ್ಕೆ ಹೆಸರು. ಓಕಳಿಪುರಂನ ಮೇಜಿನ ಮೇಲೆ ಕಾಗದ ತೂರಿಸಿ ನೋಡಿದ್ದ ಉಕ್ಕು ಈಗ ಹೂ ಮುಡಿದು ದೀಪದ ಬೆಳಕಿನಲ್ಲಿ ಬೇರೆಯೇ ಆಗಿ ಕಾಣುತ್ತಿತ್ತು. ಅಡುಗೆಮನೆಯಿಂದ ಕಡಂಬಿಟ್ಟು ಬೆಂದ ಆವಿ, ಪಂದಿ ಕರಿಯ ಕಾಚಂಪುಳಿಯ ಘಾಟು.

ಮಧ್ಯಾಹ್ನ ಮೈದಾನಕ್ಕೆ ಊರೇ ಇಳಿದಿತ್ತು. 12 ಬೋರಿನವರದು ಒಂದು ಸಾಲು, .22ರವರದು ಇನ್ನೊಂದು, ಏರ್‌ಗನ್ನಿನ ಸಾಲಿನಲ್ಲಿ ಮಕ್ಕಳು, ಹೆಂಗಸರು, ಅವರಿಗೆ ಗುರಿ ಕೋಳಿಮೊಟ್ಟೆ. ಹಿಂದೆ ಮರದ ತುದಿಗೆ ಕಟ್ಟುತ್ತಿದ್ದ ತೆಂಗಿನಕಾಯಿಯನ್ನು ಇಲ್ಲಿ ಮಣ್ಣಿನ ಬರೆಯ ಮುಂದೆ ಕಂಬದ ಮೇಲೆ ಇಟ್ಟಿದ್ದರು. ಕೆಂಪು ಬಾವುಟ ಇಳಿಯುವವರೆಗೆ ಯಾರೂ ಗೆರೆ ದಾಟುವಂತಿಲ್ಲ, ಏರುವವರೆಗೆ ತೋಟೆ ತುಂಬುವಂತಿಲ್ಲ. ಒಂದೊಂದು ಕಾಯಿ ಸಿಡಿದಾಗಲೂ ಎಳನೀರಿನ ಹನಿಗಳು ಮಂಜಿನಲ್ಲಿ ಬೆಳ್ಳಗೆ ಚಿಮ್ಮುತ್ತಿದ್ದವು, ಜನ ಹೋ ಎನ್ನುತ್ತಿದ್ದರು, ಮಕ್ಕಳು ಕಾಯಿಚೂರಿಗೆ ಓಡಲು ಬಾವುಟ ನೋಡುತ್ತಿದ್ದರು.

ಮಾವನ ಸರದಿ ಬಂತು. ಮೂರು ತೋಟೆ. ಸನ್ನೆ ಇಳಿಸಿ ಮೊದಲನೆಯದನ್ನು ಹೆಬ್ಬೆರಳಿನಿಂದ ನೂಕಿದರು. ಪಕ್ಕದಲ್ಲಿ ಯಾರೋ ಮಾತಾಡುತ್ತಿದ್ದರು. ಮಾವ ಕೋವಿ ಇಳಿಸಿ ಕಾದರು. ಇಲ್ಲಿ ಹಳಿಯಿಲ್ಲ, ಗಾಡಿಯಿಲ್ಲ. ಆದರೂ ಲೋಟದ ನೀರು ತಿಳಿಯಾಗುವಷ್ಟು ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ ಎತ್ತಿದರು.

ಓಕಳಿಪುರಂಗೆ ಮರಳಿದ ಮೇಲೆ ಅವರ ಜೇಬುಪುಸ್ತಕ ನನ್ನ ಕೈಗೆ ಬಂತು. ರೈಲ್ವೆ ಕಾಲದಿಂದ ಬಂದ ಅಭ್ಯಾಸ. ವರ್ಷಕ್ಕೆ ಒಂದು ಪುಟ. ಈ ವರ್ಷದ ಪುಟದಲ್ಲಿ ಇಷ್ಟಿತ್ತು:

ಸೆಪ್ಟೆಂಬರ್ 3. 50 ಮೀ. ಮಂಜು ತೆಳು, ಗಾಳಿ ಇಲ್ಲ. ಬಲ 11, ಮೇಲೆ 6. ಮುಂದಿನ ಸ್ಕ್ರೂ ಚುಕ್ಕೆಗೆ ನೇರ. ಮೂರಕ್ಕೆ ಎರಡು ಕಾಯಿ. ತಪ್ಪಿದ್ದು ನನ್ನ ಕೈ, ಕೋವಿಯದಲ್ಲ.